ಹೊರಗಿನಿಂದ ಒಳಕ್ಕೆ

ಮೊದಲ ದಿನದ ಟೆನಿಸ್ ಆಟ ಮುಗಿದಾಗ ಸಂಜೆ ಆರೂವರೆ. ಕಾಲು ಸೋತಿತ್ತು, ಹೊಟ್ಟೆ ಹಸಿದಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದೆ. ಬೇಲಿಯ ಬಾಗಿಲಲ್ಲಿ ಕೋಚ್ ಹುಡುಗ ನಿಂತಿದ್ದ. ನಗುತ್ತಲೇ ತಲೆ ಅಲ್ಲಾಡಿಸಿದ. ಬೇಲಿಗೆ ನೇತುಹಾಕಿದ್ದ ಬಲೆಯ ಕಡೆ ಕೈ ತೋರಿಸಿದ. ಅಗಲವಾದ, ಭಾರದ ಬಲೆ. ಅದರ ಮುಂದೆ ಒಂದು ಮರದ ಪಟ್ಟಿ, ಪಟ್ಟಿಗೆ ಕಟ್ಟಿದ ಹಗ್ಗ. ಆ ಹಗ್ಗ ಹಿಡಿದು ಬಲೆಯನ್ನು ಎಳೆಯುತ್ತಾ ಇಡೀ ಕೋರ್ಟ್ ಸುತ್ತಬೇಕು. ಆಮೇಲೆ ಪೊರಕೆ ಹಿಡಿದು ಗೆರೆಗಳ ಮೇಲಿನ ಮಣ್ಣು ಗುಡಿಸಬೇಕು. ಆಮೇಲೆ ಪೈಪಿನಲ್ಲಿ ನೀರು. ಅಷ್ಟಾದ ಮೇಲೇ ಆಟ ಮುಗಿದ ಲೆಕ್ಕ.

ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕಳೆದ ಆ ಒಂದು ವಾರದ ಬಗ್ಗೆ ಬರೆಯಬೇಕು ಅಂತ ಕೂತಾಗೆಲ್ಲ ನನಗೆ ಮೊದಲು ನೆನಪಾಗುವುದು ಆ ಬಲೆಯೇ. ಸಮುದ್ರ ಚೆನ್ನಾಗಿತ್ತು, ಬಿಸಿಲು ಚೆನ್ನಾಗಿತ್ತು. ಆದರೆ ಮನಸ್ಸಲ್ಲಿ ಉಳಿದದ್ದು ದಿನದ ಕೊನೆಯ ಆ ಇಪ್ಪತ್ತು ನಿಮಿಷ.

ಮೊದಲು ನಮ್ಮ ಕ್ಲಬ್ ಬಗ್ಗೆ ಹೇಳಬೇಕು. ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ನಾವಿರುವ ಊರಿನ ಸಣ್ಣ ಕ್ಲಬ್ ಅದು. ನಾಲ್ಕು ಟಾರ್ ಕೋರ್ಟ್, ಒಂದು ಮರದ ಕೋಣೆ, ಅದರಲ್ಲಿ ಟೀ ಮಾಡಿಕೊಳ್ಳಲು ಒಂದು ಕೆಟಲ್. ಶನಿವಾರ ಬೆಳಿಗ್ಗೆ ಎಲ್ಲರೂ ಸೇರಿ ಆಡುತ್ತೇವೆ. ಗೋಡೆಯ ಮೇಲೆ ಒಂದು ಹಲಗೆ ಇದೆ. ಪ್ರತಿಯೊಬ್ಬರ ಹೆಸರಿನ ಒಂದೊಂದು ಬಿಲ್ಲೆ. ಬಂದ ಕೂಡಲೇ ನಿಮ್ಮ ಬಿಲ್ಲೆಯನ್ನು ಸಾಲಿನ ಕೊನೆಗೆ ನೇತುಹಾಕಬೇಕು. ಕೋರ್ಟ್ ಖಾಲಿಯಾದಾಗ ಸಾಲಿನ ಮುಂದಿನ ನಾಲ್ಕು ಬಿಲ್ಲೆ ಯಾರದೋ ಅವರು ಇಳಿಯುತ್ತಾರೆ. ಜೊತೆಗಾರರನ್ನು ಆರಿಸಿಕೊಳ್ಳುವ ಮಾತೇ ಇಲ್ಲ. ಹೀಗಾಗಿ ಏಳು ವರ್ಷದಲ್ಲಿ ನಾನು ಎಲ್ಲರ ಜೊತೆಗೂ, ಎಲ್ಲರ ಎದುರಿಗೂ ಆಡಿದ್ದೇನೆ. ಯಾರ ಬ್ಯಾಕ್‌ಹ್ಯಾಂಡ್ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೆ ಅವರ ಮನೆ ಯಾವ ಬೀದಿಯಲ್ಲಿ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದರೆ ಅರ್ಧಕ್ಕರ್ಧ ಜನರದ್ದು ಗೊತ್ತಿರಲಿಲ್ಲ. ಕೈ ಕುಲುಕಿ, ಟೀ ಕುಡಿದು, ಮನೆಗೆ ಹೊರಡುವ ಸ್ನೇಹ.

ಕ್ಲಬ್ಬಿನ ಕೆಲವರು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ವಾರ ಸ್ಪೇನಿಗೆ ಹೋಗುತ್ತಾರೆ. ಇಲ್ಲಿನ ಚಳಿಗಾಲದಲ್ಲಿ ಒದ್ದೆ ಟಾರಿನ ಮೇಲೆ ಆಡಿ ಆಡಿ ಬೇಜಾರಾಗಿರುತ್ತದೆ. ಒಂದು ವಾರ ಬಿಸಿಲಲ್ಲಿ, ಕೆಂಪು ಮಣ್ಣಲ್ಲಿ ಆಡಿ ಬರೋಣ ಅಂತ. ಈ ಸಲ ನಾನೂ ಹೆಸರು ಕೊಟ್ಟೆ. ಒಟ್ಟು ಹನ್ನೆರಡು ಜನ. ರೈಲು ಓಡಿಸಿ ನಿವೃತ್ತರಾದ 68ರ ಹೆಂಗಸು, ಒಬ್ಬ ಪ್ಲಂಬರ್, ಇಬ್ಬರು ನರ್ಸ್‌ಗಳು, 76 ವರ್ಷದ ಒಬ್ಬ ಭೌತಶಾಸ್ತ್ರದ ಮೇಷ್ಟ್ರು, ಹೀಗೆ. ಇಲ್ಲಿ ಎಷ್ಟೇ ದೊಡ್ಡವರಾದರೂ ಹೆಸರು ಹಿಡಿದೇ ಕರೆಯಬೇಕು. ಬಾಯಲ್ಲಿ ಹಾಗೇ ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಮೇಷ್ಟ್ರೇ.

ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ಉಳಿದ ಹನ್ನೊಂದು ಮಂದಿ ಟಿಕೆಟ್ ತಗೊಂಡರೆ ಮುಗೀತು. ನನಗೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಶೆಂಗೆನ್ ವೀಸಾ ಬೇಕು. ಬ್ಯಾಂಕಿನ ಲೆಕ್ಕ, ಕೆಲಸದ ಪತ್ರ, 30,000 ಯೂರೋ ವಿಮೆ, ಬೆರಳಚ್ಚು. ವೀಸಾ ಕೈಗೆ ಬಂದಿದ್ದು ಹೊರಡಲು ಒಂಬತ್ತು ದಿನ ಇದ್ದಾಗ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿದೆ. ಐದು ನಿಮಿಷದಲ್ಲಿ ಹನ್ನೊಂದು ಜನರೂ ಉತ್ತರ ಕೊಟ್ಟರು. ಇವರೆಲ್ಲ ನನಗಾಗಿ ಕಾಯುತ್ತಿದ್ದರು ಅಂತ ಅವತ್ತೇ ನನಗೆ ತಿಳಿದಿದ್ದು.

ಲಂಡನ್ನಿನಿಂದ ಮಯೋರ್ಕಾದ ದೊಡ್ಡ ಊರು ಪಾಲ್ಮಾಗೆ ಎರಡೂಕಾಲು ಗಂಟೆಯ ವಿಮಾನ. ಅಲ್ಲಿಂದ ಪೂರ್ವಕ್ಕೆ, ಮನಕೋರ್ ಅನ್ನುವ ಊರು ದಾಟಿ ಸಮುದ್ರದ ಕಡೆಗೆ. ದಾರಿಯುದ್ದಕ್ಕೂ ಬಾದಾಮಿ ಮರ, ಆಲಿವ್ ಮರ, ಕಲ್ಲು ಜೋಡಿಸಿ ಕಟ್ಟಿದ ಬೇಲಿ. ಕೆಂಪು ಹೊಲ. ನಮ್ಮ ಕಡೆಯ ಹೊಲದ್ದೇ ಬಣ್ಣ. ಹೋಟೆಲಿಗೆ ಸೇರಿದ ಹಾಗೇ ಆರು ಮಣ್ಣಿನ ಕೋರ್ಟ್.

ಈ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಪತ್ರಿಕೆಗಳು ಫ್ರೆಂಚ್ ಓಪನ್ ಬಂದಾಗ 'ಆವೆಮಣ್ಣಿನ ಅಂಗಣ' ಅಂತ ಬರೆಯುತ್ತವೆ. ಚಿಕ್ಕಂದಿನಲ್ಲಿ ಆ ಪದ ನನಗೆ ಅರ್ಥವೇ ಆಗುತ್ತಿರಲಿಲ್ಲ. ಆವೆ ಅಂದರೆ ಮಡಕೆ, ಇಟ್ಟಿಗೆ ಸುಡುವ ಗೂಡು. ಈಗ ಅನಿಸುತ್ತದೆ, ಎಷ್ಟು ಸರಿಯಾದ ಮಾತು ಅದು. ಯೂರೋಪಿನ ಈ ಕೆಂಪು ಕೋರ್ಟ್ ನಿಜವಾಗಿ ಹಸಿ ಮಣ್ಣಲ್ಲ. ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಮಾಡಿದ ಪುಡಿ. ಅದೂ ಮೇಲೆ ಒಂದೆರಡು ಮಿಲಿಮೀಟರ್ ಅಷ್ಟೇ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್ಸಿನ ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಆ ತೆಳು ಪುಡಿಯ ಕೆಳಗೆ ಸುಣ್ಣಕಲ್ಲಿನ ಪದರ, ಅದರ ಕೆಳಗೆ ಜಲ್ಲಿ. ಇಂಥ ಕೋರ್ಟ್ ಹುಟ್ಟಿದ್ದು 1880ರ ಹೊತ್ತಿಗೆ ಫ್ರಾನ್ಸಿನ ಕಾನ್ ಊರಿನಲ್ಲಿ ಅನ್ನುತ್ತಾರೆ. ಇಂಗ್ಲೆಂಡಿನ ಆಟಗಾರರಾದ ರೆನ್‌ಷಾ ಸಹೋದರರು ಅಲ್ಲಿ ಹುಲ್ಲಿನ ಕೋರ್ಟ್ ಮಾಡಿದ್ದರಂತೆ. ಬಿಸಿಲಿಗೆ ಹುಲ್ಲು ಸುಟ್ಟುಹೋಗುತ್ತಿತ್ತು. ಅದನ್ನು ಕಾಪಾಡಲು ಮೇಲೆ ಒಡೆದ ಮಡಕೆಯ ಪುಡಿ ಹರಡಿದರಂತೆ. ಕುಂಬಾರನ ಆವೆಯಿಂದಲೇ ಬಂದಿದ್ದು, ಅಲ್ವಾ?

ಈ ಪುಡಿ ಚೆಂಡನ್ನು ಹಿಡಿದು ಬಿಡುತ್ತದೆ. ನೆಲಕ್ಕೆ ಬಿದ್ದ ಚೆಂಡು ವೇಗ ಕಳೆದುಕೊಂಡು ಎತ್ತರಕ್ಕೆ ಏಳುತ್ತದೆ. ಟಾರ್ ಮೇಲೆ ಹೊಡೆದರೆ ಗೆದ್ದೇಬಿಟ್ಟೆ ಅನ್ನುವಂಥ ಹೊಡೆತ ಇಲ್ಲಿ ವಾಪಸ್ ಬರುತ್ತದೆ. ಮತ್ತೆ ಹೊಡೆದರೆ ಮತ್ತೆ ಬರುತ್ತದೆ. ಕೋಚ್ ಹುಡುಗ ಬುಟ್ಟಿ ಬುಟ್ಟಿ ಚೆಂಡು ಎಸೆದು ನಮಗೆ ಒಂದೇ ವಿಷಯ ಕಲಿಸಿದ: ಓಡಿ ನಿಂತು ಹೊಡೆಯಬೇಡಿ, ಜಾರುತ್ತಾ ಬಂದು ಹೊಡೆಯಿರಿ. ಮೊದಲೆರಡು ದಿನ ಯಾರಿಗೂ ಆಗಲಿಲ್ಲ. ಹೊಡೆದ ಮೇಲೆ ಜಾರುತ್ತಿದ್ದೆವು. ಮೂರನೇ ದಿನ ಬೆಳಿಗ್ಗೆ ಒಂದು ಫೋರ್‌ಹ್ಯಾಂಡ್‌ಗೆ ಬಲಗಾಲು ತಾನಾಗಿ ಜಾರಿತು. ಒಂದು ಗಜ ಜಾರಿ, ಕಾಲು ನಿಲ್ಲುವುದಕ್ಕೂ ಚೆಂಡು ರಾಕೆಟ್ಟಿಗೆ ಬರುವುದಕ್ಕೂ ಸರಿಹೋಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಕ್ಕಿಯನ್ನು ಮೊರದಲ್ಲಿ ಜಾರಿಸಿದ ಹಾಗೆ ಸರ್ ಅಂತ ಒಂದು ಸದ್ದು.

ಮಣ್ಣಿನ ಇನ್ನೊಂದು ಗುಣ, ಅದು ನೆನಪಿಟ್ಟುಕೊಳ್ಳುತ್ತದೆ. ಚೆಂಡು ಬಿದ್ದ ಕಡೆ ಗುರುತು ಮೂಡುತ್ತದೆ. ನಮ್ಮಂಥ ಕ್ಲಬ್ ಆಟದಲ್ಲಿ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ನಾವೇ ಹೇಳಬೇಕು. ಮೂರನೇ ದಿನ ಮಧ್ಯಾಹ್ನ ಒಂದು ಡಬಲ್ಸ್. 5-5 ಆಗಿತ್ತು. ನಾನು ಹೊಡೆದ ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಎದುರಿಗಿದ್ದ ರೈಲಿನ ಅಮ್ಮ ಬೆರಳೆತ್ತಿ 'ಔಟ್' ಅಂದರು. ನಾವು ಒಪ್ಪಿಕೊಂಡು ಹಿಂದೆ ತಿರುಗಿದೆವು. ಅವರು ಮಾತ್ರ ಮುಂದಿನ ಆಟಕ್ಕೆ ಹೋಗಲಿಲ್ಲ. ಮೊಣಕಾಲು ನೋವಿದ್ದರೂ ಬಗ್ಗಿ ಗುರುತು ನೋಡಿದರು. ಮೊಟ್ಟೆಯ ಆಕಾರದ ಗುರುತು. ಅದರ ತುದಿ ಬಿಳಿ ಗೆರೆಗೆ ಒಂದು ಜೋಳದ ಕಾಳಿನಷ್ಟು ತಾಗಿತ್ತು. ಗುರುತು ಗೆರೆಗೆ ತಾಗಿದ್ದರೆ ಚೆಂಡು ಒಳಗೆ ಬಿದ್ದ ಹಾಗೆ. ಯಾರೂ ಕೇಳಿರಲಿಲ್ಲ. ಅವರೇ ಶೂನಿಂದ ಗುರುತು ಒರೆಸಿ, ಕೈಯೆತ್ತಿ 'ನಿಮ್ಮದೇ ಪಾಯಿಂಟ್' ಅಂದರು. ಆ ಗೇಮೂ ಹೋಯಿತು, ಸೆಟ್ಟೂ ಹೋಯಿತು ಅವರಿಗೆ. ರೋಲ್ಯಾಂಡ್ ಗ್ಯಾರೋಸ್‌ನಲ್ಲಿ 2025ರಲ್ಲೂ ಅಂಪೈರ್ ಕುರ್ಚಿಯಿಂದ ಇಳಿದು ಬಂದು ಹೀಗೇ ಗುರುತು ನೋಡುತ್ತಿದ್ದರು. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ತಾನೇ ಹೋಗಿ ಬಗ್ಗಿ, ತನಗೆ ನಷ್ಟವಾಗುವ ಗುರುತನ್ನು ಹುಡುಕಿದವರನ್ನು ನಾನು ನೋಡಿದ್ದು ಅವತ್ತೇ.

ಊಟದ ವಿಷಯ ಜಾಸ್ತಿ ಹೇಳುವುದಿಲ್ಲ. ನಾನು ಸಸ್ಯಾಹಾರಿ. ಅಲ್ಲಿಯ ಹೆಸರಾಂತ ಸುರುಳಿ ಬನ್ನು ಎನ್ಸೈಮಾಡಾಗೆ ಹಂದಿಯ ಕೊಬ್ಬು ಹಾಕುತ್ತಾರೆ. ಕೈಗೆತ್ತಿಕೊಂಡಿದ್ದೆ, ಪಕ್ಕದಲ್ಲಿದ್ದ ನರ್ಸ್ ಕೈ ತಡೆದು ಹೇಳಿದರು. ಅಲ್ಲಿಂದ ಮುಂದೆ ಪ್ರತಿ ಊಟಕ್ಕೂ ನನಗಿಂತ ಮೊದಲು ಅವರೇ ವಿಚಾರಿಸುತ್ತಿದ್ದರು. ಬದನೆಕಾಯಿ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ ಕರಿದು ಟೊಮೇಟೊ ರಸ ಸುರಿದ ತುಂಬೆಟ್ ಅನ್ನುವುದು ಸಿಕ್ಕಿತು. ದಿನಾ ಅದೇ ತಿಂದೆ, ಖುಷಿಯಾಗಿ.

ಒಂದು ದಿನ ಬಿಡುವು. ಮನಕೋರಿನಲ್ಲಿ 2016ರಲ್ಲಿ ಶುರುವಾದ, ಟೆನಿಸ್ ಆಟಗಾರ ರಾಫೆಲ್ ನಡಾಲ್ ಅವರ ಅಕಾಡೆಮಿಗೆ ಹೋದೆವು. ನಡಾಲ್ ಹುಟ್ಟಿದ್ದು ಇದೇ ಊರಲ್ಲಿ, 1986ರಲ್ಲಿ. 19 ತುಂಬಿದ ಎರಡೇ ದಿನಕ್ಕೆ ಮೊದಲ ಫ್ರೆಂಚ್ ಓಪನ್ ಗೆದ್ದವರು. ಕೊನೆಗೆ 14 ಸಲ ಗೆದ್ದರು. ಅಲ್ಲಿನ ಮ್ಯೂಸಿಯಂನಲ್ಲಿ ಕಪ್‌ಗಳನ್ನು ನೋಡುತ್ತಾ ಪ್ಲಂಬರ್ ಗೆಳೆಯ ನನ್ನನ್ನು ಕೇಳಿದ, ನಿಮ್ಮ ಕಡೆಯವರು ಯಾರಾದರೂ ಈ ಮಣ್ಣಲ್ಲಿ ಗೆದ್ದಿದ್ದಾರಾ ಅಂತ. ರೋಹನ್ ಬೋಪಣ್ಣ ಅಂದೆ. 2017ರಲ್ಲಿ ಇದೇ ಫ್ರೆಂಚ್ ಓಪನ್‌ನ ಮಿಶ್ರ ಡಬಲ್ಸ್, ಕೆನಡಾದ ಗಾಬ್ರಿಯೇಲಾ ದಬ್ರೋಸ್ಕಿ ಜೊತೆ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43. ಅವರ ಕೊಡಗು ನಮ್ಮ ಹಾಸನ ಜಿಲ್ಲೆಯ ಪಕ್ಕದ್ದೇ ಅಂತ ಹೇಳುವಾಗ ಎದೆ ಉಬ್ಬಿತ್ತು.

ವಾಪಸ್ ಬರುವಾಗ ಕೋಚ್ ಹುಡುಗ ಇನ್ನೊಂದು ಕಥೆ ನೆನಪಿಸಿದ. 2007ರ ಮೇ ತಿಂಗಳಲ್ಲಿ ಪಾಲ್ಮಾದಲ್ಲಿ ನಡಾಲ್, ಅವರ ದೊಡ್ಡ ಎದುರಾಳಿ ರೋಜರ್ ಫೆಡರರ್ ಇಬ್ಬರೂ ಅರ್ಧ ಮಣ್ಣು, ಅರ್ಧ ಹುಲ್ಲಿನ ಕೋರ್ಟಿನಲ್ಲಿ ಆಡಿದ್ದರು. ಬದಿ ಬದಲಿಸುವಾಗ ಶೂ ಕೂಡ ಬದಲಿಸುತ್ತಿದ್ದರು. ನಡಾಲ್ 7-5, 4-6, 7-6ರಲ್ಲಿ ಗೆದ್ದರು. ಆ ಪಂದ್ಯಕ್ಕೆ ಬೆಳೆಸಿದ್ದ ಹುಲ್ಲಿಗೆ ಹುಳ ಬಿದ್ದು, ಕೊನೆ ಗಳಿಗೆಯಲ್ಲಿ ಅದನ್ನೆಲ್ಲ ಕಿತ್ತು ಹೊಸ ಹುಲ್ಲು ಹಾಸಿದ್ದರು. ಯಾರು ಹಾಸಿದರು? ಯಾರಿಗೂ ನೆನಪಿಲ್ಲ. ಸ್ಕೋರ್ ಎಲ್ಲರಿಗೂ ಗೊತ್ತು.

ಮರುದಿನ ಸಂಜೆ ಬಲೆ ಎಳೆಯುವ ಸರದಿ ನನಗೂ ಮೇಷ್ಟ್ರಿಗೂ ಬಂತು. ಅವರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಈ ಪ್ರವಾಸವನ್ನು ಅಷ್ಟೂ ವರ್ಷ ಒಂದು ನೋಟ್‌ಬುಕ್ ಹಿಡಿದು ನಡೆಸಿದವರೇ ಆಕೆ. ಅವರಿಲ್ಲದೆ ಮೇಷ್ಟ್ರು ಬಂದಿದ್ದು ಇದೇ ಮೊದಲು. ಊಟಕ್ಕೆ ಬರುತ್ತಿದ್ದರು, ಆಡುತ್ತಿದ್ದರು, ಮಾತು ಕಮ್ಮಿ. ನಾನು ಹಗ್ಗ ಹಿಡಿದು ನೆಟ್ಟಿನ ಹತ್ತಿರದಿಂದ ಶುರುಮಾಡಿದೆ. ಅವರು ತಡೆದರು. 'ಹೊರಗಿನಿಂದ ಒಳಕ್ಕೆ' ಅಂದರು. ಆಡುವಾಗ ನಮ್ಮ ಕಾಲು ಮಣ್ಣನ್ನು ಅಂಚಿಗೆ ತಳ್ಳಿರುತ್ತದೆ. ಅಂಚಿನಿಂದ ಸುತ್ತು ಹಾಕುತ್ತಾ ನಡುವಿಗೆ ಬಂದರೆ ಅದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಒಳಗಿನಿಂದ ಹೊರಕ್ಕೆ ಎಳೆದರೆ ದಿನದಿನಕ್ಕೆ ನಡುವೆ ಬರಿದಾಗುತ್ತದೆ. ನಾವಿಬ್ಬರೂ ಒಂದೊಂದು ಬದಿ ಎಳೆದೆವು. ಸುತ್ತು ಸುತ್ತು. ಹಿಂದೆ ತಿರುಗಿ ನೋಡಿದರೆ ಬಲೆಯ ಗೆರೆಗಳು ಅಂಗಳದಲ್ಲಿ ಬಿಡಿಸಿದ ರಂಗೋಲಿಯ ಸುತ್ತುಗಳ ಹಾಗೆ ಕಾಣುತ್ತಿದ್ದವು. ಮುಗಿಸಿ ಬೆಂಚಿನ ಮೇಲೆ ಕೂತಾಗ ಅವರೇ ಮಾತು ತೆಗೆದರು. 'ಅವಳು ಈ ಕೆಲಸ ನನಗೆ ಕೊಡುತ್ತಲೇ ಇರಲಿಲ್ಲ. ನೀನು ನಡುವಿನಿಂದ ಶುರುಮಾಡುತ್ತೀಯ ಅನ್ನುತ್ತಿದ್ದಳು.' ಆಮೇಲೆ ಕತ್ತಲಾಗುವವರೆಗೂ ಮಾತಾಡಿದರು. ಅವರು ಏನೇನು ಹೇಳಿದರು ಅನ್ನುವುದು ನನ್ನಲ್ಲೇ ಇರಲಿ. ಏಳು ವರ್ಷದ ಶನಿವಾರಗಳಲ್ಲಿ ಆಗದ ಮಾತು ಆ ಒಂದು ಗಂಟೆಯಲ್ಲಿ ಆಯಿತು.

ಐದನೇ ದಿನ ರಾತ್ರಿ ಮಳೆ ಬಂತು. ಸಹಾರಾ ಮರುಭೂಮಿಯ ದೂಳು ಹೊತ್ತು ತರುವ ಕೆಸರು ಮಳೆ. ಬೆಳಿಗ್ಗೆ ಕಾರು, ಕುರ್ಚಿ, ಕಿಟಕಿ ಎಲ್ಲದರ ಮೇಲೂ ಕಂದು ಚುಕ್ಕೆ. ಕೋರ್ಟ್ ಒಣಗಲಿ ಅಂತ ಕಾದೆವು. ನೆಟ್ ಜೋತುಬಿದ್ದಿತ್ತು. ಮೇಷ್ಟ್ರು ಎರಡು ರಾಕೆಟ್ ಹಿಡಿದು ನಡುವಿಗೆ ಹೋದರು. ಒಂದನ್ನು ನೆಟ್ಟಗೆ ನಿಲ್ಲಿಸಿದರು. ಅದರ ಮೇಲೆ ಇನ್ನೊಂದರ ತಲೆಯನ್ನು ಅಡ್ಡಲಾಗಿ ಇಟ್ಟರು. ರಾಕೆಟ್ಟಿನ ಉದ್ದ 27 ಅಂಗುಲ, ತಲೆಯ ಅಗಲ ಹೆಚ್ಚುಕಮ್ಮಿ 9. ಒಟ್ಟು 36. ನಡುವೆ ನೆಟ್ ಇರಬೇಕಾದ ಎತ್ತರ ಸರಿಯಾಗಿ ಮೂರು ಅಡಿ.

ನಾನು ನಿಂತಲ್ಲೇ ನಿಂತುಬಿಟ್ಟೆ. ಈ ಅಳತೆಯನ್ನು ನಾನು ಮೊದಲು ನೋಡಿದ್ದು ಎಂಟನೇ ವಯಸ್ಸಿನಲ್ಲಿ, ನಮ್ಮೂರಿನ ಕ್ಲಬ್ಬಿನಲ್ಲಿ. ಮಾಡುತ್ತಿದ್ದವರು ಮಾರ್ಕರ್.

ನಮ್ಮ ಕಡೆಯ ಹಳೇ ಕ್ಲಬ್‌ಗಳನ್ನು ನೋಡಿದವರಿಗೆ ಮಾರ್ಕರ್ ಅಂದರೆ ಯಾರು ಅಂತ ಗೊತ್ತು. ಕೋರ್ಟ್ ನೋಡಿಕೊಳ್ಳುವವರು, ಚೆಂಡು ಕೊಡುವವರು, ನಾಲ್ಕನೆಯವರು ಬರದಿದ್ದರೆ ಆಟಕ್ಕೂ ನಿಲ್ಲುವವರು. ಅಪ್ಪ ಬ್ಯಾಂಕಿನಲ್ಲಿದ್ದರು. ಬೆಳಿಗ್ಗೆ ಆರಕ್ಕೆ ಆಡಲು ಹೋಗುತ್ತಿದ್ದರು. ನಾನೂ ಸೈಕಲ್ಲಿನಲ್ಲಿ ಹಿಂದೆ ಹೋಗುತ್ತಿದ್ದೆ. ಮಾರ್ಕರ್ ಐದಕ್ಕೇ ಬಂದಿರುತ್ತಿದ್ದರು. ಇದ್ದದ್ದು ಒಂದೇ ಕೋರ್ಟ್. ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸಿ, ಕಲ್ಲಿನ ರೋಲರ್ ಎಳೆದು, ಗೋಣಿತಾಟು ಎಳೆದು, ಕೊನೆಗೆ ಗೆರೆ. ಗೆರೆಗೆ ಎರಡು ಮೊಳೆ, ಒಂದು ಹುರಿ, ಒಂದು ಡಬ್ಬ ಸುಣ್ಣದ ನೀರು. 'ಮರಿ, ಆ ತುದಿ ಹಿಡ್ಕೊ' ಅನ್ನುತ್ತಿದ್ದರು. ಹುರಿಯ ಆ ತುದಿ ನನ್ನ ಕೈಯಲ್ಲಿ. 78 ಅಡಿ ಆಚೆ ಇನ್ನೊಂದು ತುದಿ ಅವರ ಕೈಯಲ್ಲಿ. ಅವರು ಹುರಿಯನ್ನು ಒಮ್ಮೆ ಮೀಟುತ್ತಿದ್ದರು. ನನ್ನ ಬೆರಳಿಗೆ ಸಣ್ಣಗೆ ನಡುಕ ಬರುತ್ತಿತ್ತು. ನಡುಕ ಬಂದರೆ ಹುರಿ ಬಿಗಿಯಾಗಿದೆ ಅಂತ. ಆಮೇಲೆ ಅವರು ಬಟ್ಟೆಯ ಉಂಡೆಯನ್ನು ಸುಣ್ಣದಲ್ಲಿ ಅದ್ದಿ, ಕುಕ್ಕರಗಾಲಲ್ಲಿ ಹಿಂದಕ್ಕೆ ಸರಿಯುತ್ತಾ ಗೆರೆ ಎಳೆಯುತ್ತಾ ಬರುತ್ತಿದ್ದರು. ಹತ್ತಿರ ಬಂದ ಹಾಗೆ ಸುಣ್ಣದ ವಾಸನೆ. ಮಳೆಗಾಲ ಮುಗಿದ ಮೇಲೆ ಹುತ್ತದ ಮಣ್ಣು ತಂದು, ಸಗಣಿ ನೀರು ಕಲಸಿ ಇಡೀ ಕೋರ್ಟನ್ನು ಮತ್ತೆ ಸಾರಿಸುತ್ತಿದ್ದರು.

ಆಟದಲ್ಲಿ ಅವರು ಎಲ್ಲರಿಗಿಂತ ಮೇಲೆ ಅಂತ ಮಗುವಾಗಿದ್ದ ನನಗೂ ಗೊತ್ತಾಗುತ್ತಿತ್ತು. ಬರಿಗಾಲಲ್ಲಿ ಆಡುತ್ತಿದ್ದರು. ಮೆಂಬರುಗಳ ಎದುರಿಗೆ ಒಂದು ಚೆಂಡನ್ನೂ ಜೋರಾಗಿ ಹೊಡೆಯುತ್ತಿರಲಿಲ್ಲ. ಅವರವರ ರಾಕೆಟ್ಟಿಗೆ ಸರಿಯಾಗಿ ಬರುವ ಹಾಗೆ ಕಳಿಸುತ್ತಿದ್ದರು. ಆಟ ಮುಗಿದರೆ ಮೆಂಬರುಗಳು ಟವೆಲ್ ಹೆಗಲಿಗೆ ಹಾಕಿಕೊಂಡು ಹಾಲ್ ಒಳಗೆ ಕಾಫಿಗೆ ಹೋಗುತ್ತಿದ್ದರು. ಮಾರ್ಕರ್ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದರು. ಅವರು ಹಾಲ್ ಒಳಗೆ ಕುರ್ಚಿಯಲ್ಲಿ ಕೂತಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಯಾವ ಮೆಂಬರ್ ಗೋಣಿತಾಟು ಎಳೆದಿದ್ದನ್ನೂ ನೋಡಿಲ್ಲ. ನನ್ನ ಅಪ್ಪನನ್ನೂ ಸೇರಿಸಿ.

ಇದೆಲ್ಲ ನೆನಪಾದಾಗಲೇ ಇನ್ನೊಂದು ಹೊಳೆಯಿತು. ನನಗೆ ಅವರ ಹೆಸರು ಗೊತ್ತಿಲ್ಲ. ಅವರ ಬೆರಳಿನ ಸಂದಿಯ ಸುಣ್ಣ ನೆನಪಿದೆ, ಕೆಮ್ಮು ನೆನಪಿದೆ. ಹೆಸರು ನೆನಪಿಲ್ಲ ಅಂತಲ್ಲ, ಯಾವತ್ತೂ ಕೇಳಿರಲೇ ಇಲ್ಲ.

ಅವತ್ತು ಮಧ್ಯಾಹ್ನ ಹೋಟೆಲಿನ ಜಗಲಿಯಿಂದ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪನಿಗೆ ಈಗ 79. ಆಟ ಬಿಟ್ಟು ಎಂಟು ವರ್ಷವಾಯಿತು.

'ಅಪ್ಪಾ, ನಮ್ಮ ಕ್ಲಬ್ಬಿನ ಮಾರ್ಕರ್ ಹೆಸರೇನು?'

'ಯಾಕೋ ಈಗ?'

'ಸುಮ್ನೆ. ನೆನಪಾಯ್ತು.'

ಅಪ್ಪ ತುಂಬಾ ಹೊತ್ತು ಯೋಚಿಸಿದರು. ಪಕ್ಕದಲ್ಲಿದ್ದ ಅಮ್ಮನನ್ನೂ ಕೇಳಿದ್ದು ಕೇಳಿಸಿತು. 'ಮಾರ್ಕರ್ ಅಂತಲೇ ಕರೀತಿದ್ವಿ ಕಣೋ.'

'ಇಪ್ಪತ್ತು ವರ್ಷ ಜೊತೆಗೆ ಆಡಿದೀರಲ್ಲ ಅಪ್ಪಾ.'

'ಹೂಂ' ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, 'ಹೌದು. ಕೇಳಬೇಕಿತ್ತು' ಅಂದರು.

ಕೊನೆಯ ಸಂಜೆ ಬಲೆ ಎಳೆಯಲು ಹನ್ನೆರಡು ಜನರೂ ಬಂದರು. ಆರು ಕೋರ್ಟ್, ಇಬ್ಬಿಬ್ಬರು. ಯಾರೂ ಹೇಳಿರಲಿಲ್ಲ, ಹಾಗೇ ಆಯಿತು. ಗೆರೆ ಗುಡಿಸುವಾಗ ಗಮನಿಸಿದೆ, ಅಲ್ಲಿ ಗೆರೆಗಳು ಪ್ಲಾಸ್ಟಿಕ್ ಪಟ್ಟಿ. ಮೊಳೆ ಹೊಡೆದು ಕೂರಿಸಿರುತ್ತಾರೆ. ಮೇಷ್ಟ್ರು ನಮ್ಮ ಹಿಂದೆ ಹಿಂದೆ ಬಂದು ಎಲ್ಲ ಆರು ಕೋರ್ಟಿಗೂ ತಾವೇ ನೀರು ಬಿಟ್ಟರು. ಒಣಗಿದ ಕೋರ್ಟ್ ಮಸುಕು ಕಿತ್ತಳೆ ಬಣ್ಣ. ನೀರು ಬಿದ್ದ ಕಡೆ ಕಡುಗೆಂಪು. ಆ ಕೆಂಪು ನಿಧಾನಕ್ಕೆ ಹರಡುವುದನ್ನು ನೋಡುತ್ತಾ ಬೇಲಿಗೆ ಒರಗಿ ನಿಂತಿದ್ದೆವು.

ಮನೆಗೆ ಬಂದು ಹತ್ತು ದಿನದ ಮೇಲೆ ಒಂದು ಭಾನುವಾರ ಅಪ್ಪನೇ ಫೋನ್ ಮಾಡಿದರು. ಆಟೋ ಮಾಡಿಕೊಂಡು ಕ್ಲಬ್ಬಿಗೆ ಹೋಗಿದ್ದರಂತೆ. ಕ್ಯಾಂಟೀನಿನ ಹಳಬರೊಬ್ಬರನ್ನು ವಿಚಾರಿಸಿ ಹೆಸರು ತಿಳಿದುಕೊಂಡರಂತೆ. ನನಗೆ ಹೇಳಿದರು. ಇಲ್ಲಿ ಬರೆಯುತ್ತಿಲ್ಲ, ಅವರನ್ನು ಕೇಳಿಲ್ಲ. ಮಗಳ ಮನೆಯಲ್ಲಿದ್ದಾರೆ, ನಮ್ಮೂರಿನಿಂದ ಅರ್ಧ ಗಂಟೆ. ಅಪ್ಪ ಅಲ್ಲಿಗೂ ಹೋಗಿ ಬಂದಿದ್ದರು.

'ನನ್ನ ಗುರುತು ಹಿಡಿದ ಕಣೋ' ಅಂದರು ಅಪ್ಪ. ಒಂದು ಕ್ಷಣ ತಡೆದು, 'ಹಿಡಿದರು' ಅಂದರು. 'ಕಣ್ಣು ಅಷ್ಟು ಕಾಣಿಸಲ್ಲ. ದನಿ ಕೇಳಿದ ಕೂಡಲೇ ಹಿಡಿದರು. ಹುರಿ ಹಿಡೀತಿದ್ದ ಮರಿ ಎಲ್ಲಿದಾನೆ ಸಾರ್ ಅಂತ ಕೇಳಿದರು. ನೀನು ಸ್ಪೇನಲ್ಲಿ ಮಣ್ಣಿನ ಕೋರ್ಟಲ್ಲಿ ಆಡಿದ್ದು ಹೇಳಿದೆ. ಅಲ್ಲಿ ಗೆರೆಗೆ ಸುಣ್ಣ ಹಾಕ್ತಾರಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.'

'ಇಲ್ಲಪ್ಪಾ. ಪ್ಲಾಸ್ಟಿಕ್ ಪಟ್ಟಿ. ಮೊಳೆ ಹೊಡೆದಿರ್ತಾರೆ.'

'ಸರಿ, ಹೇಳ್ತೀನಿ. ಗುರುವಾರ ಮತ್ತೆ ಹೋಗ್ತಾ ಇದೀನಿ.'